ಎರಡು ಸೆಕೆಂಡಿನ ತುಣುಕಿನಲ್ಲಿ ಕಂಡ ಗುಡಿ ಯಾವುದು? ಗೂಗಲ್ ಲೆನ್ಸ್ ಎಷ್ಟು ಕೆಲಸಕ್ಕೆ ಬರುತ್ತದೆ

ಮೂವತ್ತು ಸೆಕೆಂಡಿನ ಪ್ರೊಮೊ. ಅದರಲ್ಲಿ ಗುಡಿ ಕಾಣುವುದು ಒಂದೂವರೆ ಸೆಕೆಂಡು, ಅದೂ ಓಡುತ್ತಿರುವವರ ಬೆನ್ನುಚೀಲದ ಹಿಂದೆ. ಅಷ್ಟರಲ್ಲೇ ಯಾವ ದೇಶ, ಯಾವ ಊರು, ಯಾವ ಗುಡಿಯ ಯಾವ ಬಾಗಿಲು ಎಂದು ಹೇಳಬೇಕು. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾದ ‘ದಿ ಅಮೇಜಿಂಗ್ ರೇಸ್’ ಎಂಬ, ಜೋಡಿಗಳು ಸುಳಿವು ಹಿಡಿದು ದೇಶದಿಂದ ದೇಶಕ್ಕೆ ಓಡುವ ಸ್ಪರ್ಧೆಯ ಅಭಿಮಾನಿಗಳಲ್ಲಿ ಒಂದು ಪಂಗಡಕ್ಕೆ ಗೆಲ್ಲುವವರು ಯಾರು ಎನ್ನುವುದಕ್ಕಿಂತ ಇದೇ ದೊಡ್ಡ ಆಟ. ಕೆಲವು ಸಲ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಮೊದಲ ಸೀಸನ್ನಿನಲ್ಲೇ ರಾಜಸ್ಥಾನದ ದೇಶ್ನೋಕ್‌ನ ಕರ್ಣಿ ಮಾತಾ ಗುಡಿ ಬಂದಿತ್ತು. ಅಂಗಳದ ತುಂಬ ಇಲಿಗಳು ಓಡಾಡುತ್ತಿದ್ದರೆ ಇನ್ನೇನು ಹುಡುಕುವುದು? ಆದರೆ 13ನೇ ಸೀಸನ್ ಕಾಂಬೋಡಿಯದ ಸಿಯೆಮ್ ರೀಪ್‌ಗೆ, 10ನೆಯದು ಚೆನ್ನೈಗೆ, 18ನೆಯದು ವಾರಾಣಸಿಗೆ ಹೋಗಿದ್ದವು. ಇವೆಲ್ಲ ಒಂದೇ ಥರ ಕಾಣುವ ಗುಡಿಗಳು ಸಾಲುಗಟ್ಟಿ ನಿಂತಿರುವ ಜಾಗಗಳು.

ಈ ಕೆಲಸಕ್ಕೆ ಈಗ ಎಲ್ಲರೂ ಮೊದಲು ಕೈಹಾಕುವುದು ಗೂಗಲ್ ಲೆನ್ಸ್‌ಗೆ, ಅಂದರೆ ಚಿತ್ರ ಕೊಟ್ಟರೆ ಅದನ್ನು ಹೋಲುವ ಚಿತ್ರಗಳನ್ನು ಜಾಲದಲ್ಲಿ ಹುಡುಕಿಕೊಡುವ ಸಾಧನಕ್ಕೆ. ಪುಕ್ಕಟೆ ಸಿಗುತ್ತದೆ. ಫೋನಿನಲ್ಲೂ ಇದೆ, ಕಂಪ್ಯೂಟರಿನ ಕ್ರೋಮ್‌ನಲ್ಲಿ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೂ ಬರುತ್ತದೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಲೆನ್ಸ್ ಒಳ್ಳೆಯ ದಲ್ಲಾಳಿ, ಕೆಟ್ಟ ಸಾಕ್ಷಿ. ನಾಲ್ಕು ಹೆಸರು ತಂದು ಕೊಡುತ್ತದೆ. ಆ ನಾಲ್ಕರಲ್ಲಿ ಯಾವುದು ಎಂದು ಪತ್ತೆ ಮಾಡುವ ಕೆಲಸ ಅದರದಲ್ಲ, ನಮ್ಮದು.

ಬಹಳ ಜನ ಎಡವುವುದು ಲೆನ್ಸ್ ತೆರೆಯುವುದಕ್ಕೂ ಮುಂಚೆ. ಟಿವಿಯ ಪರದೆಗೆ ಫೋನ್ ಹಿಡಿದು ಫೋಟೊ ತೆಗೆದರೆ ಅಲೆ ಅಲೆಯಾದ ಗೆರೆಗಳು ಬೀಳುತ್ತವೆ. ಗೋಪುರದ ಸಣ್ಣ ಶಿಲ್ಪಗಳೆಲ್ಲ ಆ ಗೆರೆಗಳಲ್ಲಿ ಕಲಸಿಹೋಗಿ ಲೆನ್ಸ್‌ಗೆ ಸಿಗುವುದು ಬರೀ ಬಣ್ಣದ ಮುದ್ದೆ. ವಿಡಿಯೊವನ್ನೇ ಕಂಪ್ಯೂಟರಿನಲ್ಲಿ 1080ಪಿ ಗುಣಮಟ್ಟಕ್ಕೆ ಏರಿಸಿ, ನಿಲ್ಲಿಸಿ, ಫ್ರೇಮು ಫ್ರೇಮಾಗಿ ನೋಡಬೇಕು. ಯೂಟ್ಯೂಬ್‌ನಲ್ಲಿ ನಿಲ್ಲಿಸಿದ ಮೇಲೆ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದೆ. ವಿಡಿಯೊ ನೋಡುವ ಆ್ಯಪ್ ವಿಎಲ್‌ಸಿಯಲ್ಲಿ ‘ಇ’ ಕೀ ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತದೆ, ವಿಂಡೋಸ್‌ನಲ್ಲಿ ಶಿಫ್ಟ್ ಜೊತೆ ‘ಎಸ್’ ಒತ್ತಿದರೆ ಆ ಫ್ರೇಮು ಚಿತ್ರವಾಗಿ ಉಳಿಯುತ್ತದೆ. ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ಆದರೆ ಒಂದೂವರೆ ಸೆಕೆಂಡಿಗೆ 45 ಚಿತ್ರ. ಕ್ಯಾಮೆರಾ ಅಲುಗಾಡುವುದರಿಂದ ಅವುಗಳಲ್ಲಿ ಹೆಚ್ಚಿನವು ಮಸುಕು. ಕ್ಯಾಮೆರಾ ದಿಕ್ಕು ಬದಲಿಸುವ ಮೊದಲು ಅರೆಕ್ಷಣ ನಿಲ್ಲುತ್ತದಲ್ಲ, ಆ ಒಂದೆರಡು ಫ್ರೇಮು ಚೊಕ್ಕ ಇರುತ್ತವೆ. ಅವನ್ನೇ ಹಿಡಿಯಬೇಕು. ಒಂದೇ ಫ್ರೇಮಿಗೆ ಜೋತುಬೀಳದೆ ಮೂರು ಆರಿಸಿಕೊಳ್ಳಿ: ಶಿಖರ ಕಾಣುವುದೊಂದು, ಬಾಗಿಲು ಕಾಣುವುದೊಂದು, ಸುತ್ತಲಿನ ರಸ್ತೆ ಕಾಣುವುದೊಂದು.

ಆಮೇಲೆ ಕತ್ತರಿಸುವ ಕೆಲಸ. ಇಡೀ ಫ್ರೇಮನ್ನು ಹಾಗೇ ಲೆನ್ಸ್‌ಗೆ ಕೊಟ್ಟರೆ ಅದರ ಕಣ್ಣು ಮೊದಲು ಬೀಳುವುದು ಸ್ಪರ್ಧಿಯ ಚೀಲ, ಬೂಟು, ಟೋಪಿಯ ಮೇಲೆ. ಇಂಥದೇ ಚೀಲ ಎಲ್ಲಿ ಕೊಳ್ಳಬಹುದು ಎಂದು ಅಂಗಡಿಗಳ ಪಟ್ಟಿ ಬಿಚ್ಚುತ್ತದೆ. ಆಯ್ಕೆಯ ಚೌಕದ ಮೂಲೆಗಳನ್ನು ಎಳೆದು ಗುಡಿಯ ಭಾಗ ಮಾತ್ರ ಉಳಿಸಿ. ವಾಹಿನಿಯ ಲಾಂಛನ, ಕೆಳಗಿನ ಅಕ್ಷರದ ಪಟ್ಟಿ ಹೊರಗೇ ಇರಲಿ. ಚೌಕವನ್ನು ತೀರಾ ಚಿಕ್ಕದು ಮಾಡಿದರೂ ಕೆಡುತ್ತದೆ: ಬರೀ ಒಂದು ಸಿಂಹದ ಮುಖ ಕೊಟ್ಟರೆ ಏಷ್ಯದ ಸಿಂಹಗಳೆಲ್ಲ ಬಂದು ನಿಲ್ಲುತ್ತವೆ. ಶಿಖರದ ತುದಿಯಿಂದ ಸೂರಿನವರೆಗೆ ಬರುವ ಹಾಗೆ ಹಿಡಿದರೆ ಸರಿ. ಚಿತ್ರದ ಜೊತೆಗೆ ಪದ ಸೇರಿಸುವ ಸೌಲಭ್ಯವೂ ಇದೆ. ದೇಶ ಖಚಿತವಾಗಿದ್ದರೆ ದೇಶದ ಹೆಸರು ಸೇರಿಸಿ, ಕಸ ಅರ್ಧ ಕಡಿಮೆಯಾಗುತ್ತದೆ. ಆದರೆ ಊಹಿಸಿದ ಗುಡಿಯ ಹೆಸರನ್ನೇ ಸೇರಿಸಬೇಡಿ. ನೀವು ಹೇಳಿದ್ದನ್ನೇ ಅದು ತಿರುಗಿಸಿ ಒಪ್ಪಿಸುತ್ತದೆ, ನೀವು ಸಾಬೀತಾಯಿತು ಎಂದು ಕುಣಿಯುತ್ತೀರಿ.

ಲೆನ್ಸ್‌ನ ದೊಡ್ಡ ದೋಷವೆಂದರೆ ಹೆಸರುವಾಸಿ ಜಾಗಗಳ ಕಡೆಗೆ ಅದಕ್ಕಿರುವ ವಾಲು. ಅದು ಅಳೆಯುವುದಿಲ್ಲ, ಎಣಿಸುವುದಿಲ್ಲ. ಹೋಲುವ ಚಿತ್ರಗಳನ್ನು ಹುಡುಕುತ್ತದೆ, ಅಷ್ಟೇ. ಯಾವ ಗುಡಿಯ ಫೋಟೊ ಜಾಲದಲ್ಲಿ ಲಕ್ಷಗಟ್ಟಲೆ ಇದೆಯೋ ಅದೇ ಮೇಲೆ ಬರುವ ಸಂಭವ ಹೆಚ್ಚು. ಬಣ್ಣದ ಗೋಪುರ ಎಂದರೆ ಮಧುರೆ ಮೀನಾಕ್ಷಿ, ಕೆಂಪು ಕಮಾನುಗಳ ಸಾಲು ಎಂದರೆ ಕ್ಯೋಟೊದ ಫುಶಿಮಿ ಇನಾರಿ, ಕಲ್ಲಿನ ಮುಖ ಎಂದರೆ ಕಾಂಬೋಡಿಯದ ಬಯೋನ್ ಗುಡಿ.

ಈ ಕಲ್ಲಿನ ಮುಖದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚು ಜನ ಜಾರುವುದು ಇಲ್ಲಿಯೇ. ಸಿಯೆಮ್ ರೀಪ್ ಪಕ್ಕದ ಹಳೆಯ ಗುಡಿಗಳ ತಾಣ ಆಂಗ್ಕೋರ್‌ನಲ್ಲಿ ನಸುನಗುವ ದೊಡ್ಡ ಮುಖಗಳಿರುವುದು ಬಯೋನ್‌ನಲ್ಲಿ ಮಾತ್ರವಲ್ಲ. ಆಂಗ್ಕೋರ್ ಥೋಮ್ ನಗರದ ಐದೂ ಹೆಬ್ಬಾಗಿಲುಗಳ ಮೇಲೆ ಇವೆ. ತಾ ಪ್ರೋಮ್ ಗುಡಿಯ ಹೊರಬಾಗಿಲಿನಲ್ಲಿ ಇವೆ, ಬಂತೇಯ್ ಕ್ಡೇಯ್ ಗುಡಿಯ ಬಾಗಿಲಲ್ಲೂ ಇವೆ. ಮುಖವನ್ನಷ್ಟೇ ಕತ್ತರಿಸಿ ಕೊಟ್ಟರೆ ಲೆನ್ಸ್ ಬಯೋನ್ ಎಂದರೆ ಅದರ ತಪ್ಪೇನೂ ಅಲ್ಲ. ನೋಡಬೇಕಾದ್ದು ಮುಖದ ಕೆಳಗೆ ಏನಿದೆ ಎನ್ನುವುದು. ವಾಹನ ಹಾಯುವ ದಾರಿಯಿದ್ದು, ಎರಡೂ ಬದಿಗೆ ಹಾವನ್ನು ಹಿಡಿದೆಳೆಯುವ ದೇವ-ಅಸುರರ ಸಾಲಿದ್ದರೆ ಅದು ಆಂಗ್ಕೋರ್ ಥೋಮ್‌ನ ಹೆಬ್ಬಾಗಿಲು; ದಕ್ಷಿಣದ ಬಾಗಿಲಿನಲ್ಲಿ ಈ ಸಾಲು ಅಚ್ಚುಕಟ್ಟಾಗಿ ಉಳಿದಿದೆ. ಒಂಟಿ ಬಾಗಿಲು, ಆಚೀಚೆ ತಗ್ಗು ಪ್ರಾಕಾರದ ಗೋಡೆ, ಎದುರಿಗೆ ರಸ್ತೆ, ರಸ್ತೆಯಾಚೆ ದೊಡ್ಡ ಕೆರೆ ಇದ್ದರೆ ಬಂತೇಯ್ ಕ್ಡೇಯ್, ಆ ಕೆರೆ ಸ್ರಾ ಸ್ರಂಗ್. ಒಂದರ ಹಿಂದೆ ಒಂದು, ಬೇರೆ ಬೇರೆ ಎತ್ತರದಲ್ಲಿ, ಒಂದೇ ಫ್ರೇಮಿನಲ್ಲಿ ನಾಲ್ಕೈದು ಮುಖಗೋಪುರಗಳು ಕಂಡರೆ ಆಗ ಬಯೋನ್ ಎನ್ನಬಹುದು. ಇನ್ನು ಕಲ್ಲು ತುಸು ಗುಲಾಬಿ, ಕೆತ್ತನೆ ಮರಗೆಲಸದಷ್ಟು ಸೂಕ್ಷ್ಮ, ಕಟ್ಟಡಗಳು ಗಿಡ್ಡ ಎಂದರೆ ಅದು ಅಲ್ಲಿನದೇ ಇನ್ನೊಂದು ಗುಡಿ ಬಂತೇಯ್ ಸ್ರೇಯ್ ಇರಬಹುದು. ಇಲ್ಲಿ ಒಂದು ಎಚ್ಚರ: ವಾಹಿನಿಯವರು ಬಣ್ಣ ತಿದ್ದುವಾಗ ಬಿಸಿಲಿನ ಹಳದಿ ಸುರಿಯುತ್ತಾರೆ. ಬೂದು ಕಲ್ಲೂ ಆಗ ಗುಲಾಬಿಯಾಗುತ್ತದೆ. ಬಣ್ಣವನ್ನು ಕೊನೆಗೆ ನಂಬಿ, ಆಕಾರವನ್ನು ಮೊದಲು.

ಬಾಲಿಯ ಸೀಳುಬಾಗಿಲುಗಳದ್ದೂ ಇದೇ ಕತೆ. ನಡುವೆ ಸೀಳಿದ ಬೆಟ್ಟದ ಹಾಗೆ ಎರಡು ಹೋಳಾಗಿ ನಿಲ್ಲುವ ಆ ಬಾಗಿಲು ಅಲ್ಲಿನ ಹೆಚ್ಚುಕಡಿಮೆ ಎಲ್ಲ ಗುಡಿಗಳಲ್ಲೂ ಇದೆ, ಲೆನ್ಸ್ ಮಾತ್ರ ಲೆಂಪುಯಾಂಗ್ ಎಂಬ ಗುಡಿಯ ಕಡೆಗೆ ಓಡುತ್ತದೆ. ಲೆಂಪುಯಾಂಗ್ ನಿಜವಾಗಿದ್ದರೆ ಬಾಗಿಲ ನಡುವೆ ಪಶ್ಚಿಮಕ್ಕೆ ಅಗುಂಗ್ ಪರ್ವತ ಕಾಣಬೇಕು, ಮೋಡ ಮುಸುಕಿರದಿದ್ದರೆ. ಪ್ರವಾಸಿಗಳ ಫೋಟೊಗಳಲ್ಲಿ ಬಾಗಿಲ ಕೆಳಗೆ ಕಾಣುವ ‘ಕೆರೆ’ ಅಲ್ಲಿ ಇಲ್ಲವೇ ಇಲ್ಲ. ಫೋನಿನ ಕ್ಯಾಮೆರಾದ ಕೆಳಗೆ ಕನ್ನಡಿ ಹಿಡಿದು ಬರಿಸುವ ಪ್ರತಿಬಿಂಬ ಅದು. ಹಾಗಾಗಿ ತುಣುಕಿನಲ್ಲಿ ನಿಜವಾದ ನೀರಿದ್ದರೆ ಲೆಂಪುಯಾಂಗ್ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿ. ನೀರಿನ ನಡುವೆ ಒಂದರ ಮೇಲೊಂದು ಹನ್ನೊಂದು ಚಾವಣಿಯ ಗೋಪುರ (ಮೇರು) ನಿಂತಿದ್ದರೆ ಬಾಲಿಯ ಬೆದುಗುಲ್‌ನ ಉಲುನ್ ದಾನು ಬ್ರತಾನ್ ಗುಡಿಯ ಕಡೆ ನೋಡಿ.

ಫುಶಿಮಿ ಇನಾರಿಯ ಕೆಂಪು ಕಮಾನುಗಳಿಗೆ ಒಂದು ಸುಲಭದ ಪರೀಕ್ಷೆ ಇದೆ. ಕಮಾನು ಹಾಕಿಸಿದವರ ಹೆಸರು, ದಿನಾಂಕ ಕೆತ್ತಿರುವುದು ಕಂಬಗಳ ಹಿಂಬದಿಗೆ. ಬೆಟ್ಟ ಹತ್ತುವವರಿಗೆ ಬರಹ ಕಾಣುವುದಿಲ್ಲ, ಇಳಿಯುವವರಿಗೆ ಕಾಣುತ್ತದೆ. ಸ್ಪರ್ಧಿಗಳು ಕ್ಯಾಮೆರಾದತ್ತ ಮುಖ ಮಾಡಿ ಓಡಿಬರುವಾಗ ಅವರ ಅಕ್ಕಪಕ್ಕದ ಕಂಬಗಳ ಮೇಲೆ ಬರಹವಿದ್ದರೆ ಅವರು ಹತ್ತುತ್ತಿದ್ದಾರೆ, ಕ್ಯಾಮೆರಾ ಮೇಲಿದೆ. ಟೋಕಿಯೊದ ನೆಜು, ಹಿಯೆ ದೇಗುಲಗಳಲ್ಲೂ ಇಂಥ ಸಾಲುಗಳುಂಟು, ಆದರೆ ತೀರಾ ಚಿಕ್ಕವು. ಸಾಲಿನ ಕೊನೆ ಅದೇ ಫ್ರೇಮಿನಲ್ಲಿ ಕಂಡುಬಿಟ್ಟರೆ ಫುಶಿಮಿ ಎಂದು ಬರೆಯುವ ಮುಂಚೆ ಆ ಎರಡನ್ನೂ ಒಮ್ಮೆ ನೋಡಿ.

ನಮ್ಮ ಕಡೆಯ ಗೋಪುರಗಳಿಗೆ ಬಂದರೆ ಲೆನ್ಸ್‌ಗಿಂತ ಕನ್ನಡಿಗರ ಕಣ್ಣೇ ಚುರುಕು. ಗೋಪುರದ ನೆಲೆಗಳನ್ನು ಎಣಿಸಲು ಶಿಲ್ಪಗಳ ಸಾಲು ಹಿಡಿದರೆ ಲೆಕ್ಕ ತಪ್ಪುತ್ತದೆ. ನಟ್ಟನಡುವೆ ಒಂದರ ಮೇಲೊಂದು ಬರುವ ಕಿಂಡಿಗಳನ್ನು ಎಣಿಸಿ, ನೆಲೆಗೊಂದು ಕಿಂಡಿ ಇರುತ್ತದೆ. ಸಂಖ್ಯೆ ಸಾಮಾನ್ಯವಾಗಿ ಬೆಸ: 3, 5, 7, 9. ಶ್ರೀರಂಗದ ರಾಜಗೋಪುರ 13 ನೆಲೆ, ಅದು ಪೂರ್ತಿಯಾದದ್ದು 1987ರಲ್ಲಿ. (ಮುರುಡೇಶ್ವರದ ರಾಜಗೋಪುರ ಇಪ್ಪತ್ತು ಅಂತಸ್ತು, ಒಳಗೆ ಲಿಫ್ಟು; ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.) ಗೋಪುರಕ್ಕಿಂತ ಗರ್ಭಗುಡಿಯ ಮೇಲಿನ ವಿಮಾನವೇ ಎತ್ತರವಾಗಿ ಕಂಡರೆ ತಂಜಾವೂರಿನ ಬೃಹದೀಶ್ವರ ನೆನಪಿಗೆ ಬರಬೇಕು. ಬಣ್ಣ ಬಣ್ಣದ ಗಾರೆ ಶಿಲ್ಪವಿಲ್ಲದೆ ಮಾಸಲು ಕೆನೆ ಬಣ್ಣದ ಒಂಬತ್ತು ನೆಲೆಯ ಗೋಪುರ, ಎದುರಿಗೆ ಉದ್ದನೆಯ ಕಲ್ಲುಕಂಬದ ಬೀದಿ, ಸುತ್ತ ಬಂಡೆಗುಡ್ಡ ಎಂದರೆ ಹಂಪಿಯ ವಿರೂಪಾಕ್ಷ. ಅದಕ್ಕೆ ಯಾವ ಆ್ಯಪೂ ಬೇಡ. ಹೊಯ್ಸಳ ಗುಡಿಗಳಲ್ಲಿ ಲೆನ್ಸ್ ಬೇಲೂರು-ಹಳೇಬೀಡು ಅದಲು ಬದಲು ಮಾಡಬಲ್ಲದು, ಗೋಡೆಯ ಪಟ್ಟಿಕೆಗಳನ್ನಷ್ಟೇ ಕೊಟ್ಟರಂತೂ ಖಂಡಿತ ಗೊಂದಲ. ಪ್ರಾಕಾರ, ಬಾಗಿಲಲ್ಲಿ ಗೋಪುರ ಇದ್ದರೆ ಬೇಲೂರು. ಹಳೇಬೀಡಿನಲ್ಲಿ ಅವೆರಡೂ ಇಲ್ಲ, ಸುತ್ತ ಹುಲ್ಲುಹಾಸು.

ಚೆನ್ನೈನ ಮೈಲಾಪುರದ ಕಪಾಲೀಶ್ವರ ಗುಡಿ ಈ ಆಟಕ್ಕೆ ಒಳ್ಳೆಯ ಪಾಠ. ಎತ್ತರದ ಏಳು ನೆಲೆಯ ರಾಜಗೋಪುರ, ಸುಮಾರು 37 ಮೀಟರ್, ಇರುವುದು ಪೂರ್ವಕ್ಕೆ. ಪುಷ್ಕರಣಿ ಇರುವುದು ಪಶ್ಚಿಮಕ್ಕೆ. ಹಾಗಾಗಿ ತುಣುಕಿನಲ್ಲಿ ನೀರಿನ ಹಿಂದೆ ಹತ್ತಿರದಲ್ಲಿ ಕಾಣುವ ಗೋಪುರ ಚಿಕ್ಕದಾದ ಪಶ್ಚಿಮದ್ದು, ದೊಡ್ಡದು ಅದರ ಹಿಂದೆ ದೂರದಲ್ಲಿ. ಲೆನ್ಸ್ ಎರಡಕ್ಕೂ ಒಂದೇ ಹೆಸರು ಹೇಳುತ್ತದೆ, ಗುಡಿಯ ಹೆಸರು ಸರಿಯಾಗಿಯೇ ಇರುತ್ತದೆ. ಆದರೆ ಸುಳಿವಿನ ಪೆಟ್ಟಿಗೆ ಯಾವ ಬೀದಿಯಲ್ಲಿ ಇಟ್ಟಿದ್ದರು ಎನ್ನುವುದು ಬೇಕಾದರೆ ಗುಡಿಯ ಹೆಸರಷ್ಟೇ ಸಾಲದು. ಗೋಡೆಯನ್ನೂ ನೋಡಿ: ಕೆಂಪು-ಬಿಳಿ ಪಟ್ಟೆ ಎಲ್ಲ ಕಡೆ ಇರುತ್ತದೆ, ನಾಮ ಇದ್ದರೆ ವಿಷ್ಣುವಿನದು, ಮೂರು ಅಡ್ಡಗೆರೆಯ ವಿಭೂತಿ ಇದ್ದರೆ ಶಿವನದು. ಇಷ್ಟರಿಂದಲೇ ಚೆನ್ನೈನದೇ ಆದ ಪಾರ್ಥಸಾರಥಿ ಗುಡಿಯೋ ಕಪಾಲೀಶ್ವರನೋ ಎಂಬ ಜಗಳ ಮುಗಿಯುತ್ತದೆ.

ದೇಶ ಯಾವುದೆಂದೇ ಗೊತ್ತಿಲ್ಲದಿದ್ದರೆ ಗುಡಿಯನ್ನು ಬಿಟ್ಟು ಬೀದಿಯನ್ನು ನೋಡಿ. ಭಾರತ, ಥಾಯ್ಲೆಂಡ್, ಇಂಡೊನೇಷ್ಯ, ಜಪಾನ್‌ಗಳಲ್ಲಿ ವಾಹನ ಎಡಬದಿಗೆ. ಕಾಂಬೋಡಿಯ, ವಿಯೆಟ್ನಾಂ, ತೈವಾನ್, ಮ್ಯಾನ್ಮಾರ್‌ಗಳಲ್ಲಿ ಬಲಬದಿಗೆ. ಥಾಯ್ ಟುಕ್‌ಟುಕ್ ನಮ್ಮ ಆಟೊದ ಹಾಗೆ ಒಂದೇ ಮೂರು ಚಕ್ರದ ಗಾಡಿ. ಕಾಂಬೋಡಿಯದಲ್ಲಿ ಬೈಕಿನ ಹಿಂದೆ ಚಾವಣಿಯ ಬಂಡಿ ಸಿಕ್ಕಿಸಿರುತ್ತಾರೆ. ಬಾಲಿಯ ನಂಬರ್ ಪ್ಲೇಟು ‘ಡಿಕೆ’ಯಿಂದ ಶುರು, ವಾರಾಣಸಿಯದು ‘ಯುಪಿ 65’, ಜೈಪುರದ್ದು ‘ಆರ್‌ಜೆ 14’. ಸ್ಪರ್ಧಿಗಳಿಗೆ ದಾರಿ ತೋರಲು ನೆಟ್ಟ ರೇಸಿನ ಬಾವುಟವೂ ಮಾತಾಡುತ್ತದೆ. ಸಾಮಾನ್ಯವಾಗಿ ಅದು ಹಳದಿ-ಕೆಂಪು. ವಿಯೆಟ್ನಾಂನಲ್ಲಿ ಮಾತ್ರ ಹಳದಿ-ಬಿಳಿ, ಯಾಕೆಂದರೆ ಹಳದಿ-ಕೆಂಪು ಹಳೆಯ ದಕ್ಷಿಣ ವಿಯೆಟ್ನಾಂನ ಧ್ವಜದ ಬಣ್ಣ. ಮೊದಲ ಸೀಸನ್ನಿನ ಬಾವುಟಗಳೂ ಹಳದಿ-ಬಿಳಿಯೇ ಇದ್ದವು, ಹಳೆಯ ತುಣುಕು ನೋಡುವಾಗ ಇದು ನೆನಪಿರಲಿ. ಫ್ರೇಮಿನಲ್ಲಿ ಬೋರ್ಡು ಇದ್ದರೆ ಲೆನ್ಸ್‌ನ ಅನುವಾದ ನಿಜಕ್ಕೂ ಚೆನ್ನಾಗಿದೆ, ಈ ಒಂದು ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಥಾಯ್ ಬೋರ್ಡಿನಲ್ಲಿ ಇಸವಿ ಕಂಡರೆ 543 ಕಳೆಯಿರಿ, ಅವರದು ಬುದ್ಧವರ್ಷ.

ಹೆಸರು ಸಿಕ್ಕಿತು. ಈಗ ಸಾಬೀತು. ಇದಕ್ಕೆ ಲೆನ್ಸ್ ಮುಚ್ಚಿ, ಉಪಗ್ರಹ ಚಿತ್ರ ತೋರಿಸುವ ಗೂಗಲ್ ಅರ್ಥ್ ಪ್ರೊ ತೆರೆಯಿರಿ. ಕಂಪ್ಯೂಟರಿನ ಆವೃತ್ತಿ 2015ರಿಂದ ಪುಕ್ಕಟೆ. ಫ್ರೇಮಿನಲ್ಲಿ ಒಂದರ ಹಿಂದೆ ಒಂದು ನೇರ ಸಾಲಿಗೆ ಬಂದಿರುವ ಎರಡು ವಸ್ತುಗಳನ್ನು ಹುಡುಕಿ, ಧ್ವಜಸ್ತಂಭ ಮತ್ತು ಹಿಂದಿನ ಗೋಪುರದ ಕಲಶ ಅಂತಿಟ್ಟುಕೊಳ್ಳಿ. ಉಪಗ್ರಹ ಚಿತ್ರದಲ್ಲಿ ಆ ಎರಡನ್ನೂ ಸೇರಿಸಿ ರೂಲರ್‌ನಿಂದ ಗೆರೆ ಎಳೆದು ಈಚೆಗೆ ಮುಂದುವರಿಸಿ. ಕ್ಯಾಮೆರಾ ಆ ಗೆರೆಯ ಮೇಲೆ ಎಲ್ಲೋ ಇದೆ. ಅದೇ ಫ್ರೇಮಿನಲ್ಲಿ ಇನ್ನೊಂದು ಜೋಡಿ ಸಿಕ್ಕರೆ ಇನ್ನೊಂದು ಗೆರೆ. ಎರಡೂ ಕೂಡುವ ಕಡೆ ಕ್ಯಾಮೆರಾದವನು ನಿಂತಿದ್ದ. ಆ ಬಿಂದು ಯಾರದೋ ಮನೆಯ ಚಾವಣಿಯ ಮೇಲೋ ಕೆರೆಯ ನಡುವೆಯೋ ಬಿದ್ದರೆ ಎರಡೇ ಸಾಧ್ಯತೆ: ಅದು ಡ್ರೋನ್ ಚಿತ್ರ, ಇಲ್ಲವೇ ನಿಮ್ಮ ಗುಡಿ ತಪ್ಪು. ಒಂದು ಮರ, ಒಂದು ದೀಪದ ಕಂಬ, ಒಂದು ಮೆಟ್ಟಿಲ ಸಾಲು, ಈ ಮೂರು ಸರಿಹೊಂದುವವರೆಗೆ ‘ಖಚಿತ’ ಎಂಬ ಪದ ಬಳಸಬಾರದು. ನೆಲಮಟ್ಟದ ನೋಟಕ್ಕೆ ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂ. ಆಂಗ್ಕೋರ್ ಗುಡಿಗಳ ಅಂಗಳದೊಳಗೂ 2014ರಿಂದ ಇದೆ. ಭಾರತದಲ್ಲಿ 2022ರಲ್ಲಿ ಮತ್ತೆ ಶುರುವಾದದ್ದು ರಸ್ತೆಗಳಿಗೆ ಸರಿ, ಗುಡಿಯೊಳಗಿನ ನೋಟಕ್ಕೆ ಮ್ಯಾಪ್ಸ್‌ನಲ್ಲಿ ಭಕ್ತರು ಹಾಕಿರುವ ಫೋಟೊಗಳೇ ಗತಿ. ಅವನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿ ನೋಡಿ. ತುಣುಕು ಎಡಬಲ ತಿರುಗಿಸಿದ್ದೇ ಎಂಬುದನ್ನೂ ಬೋರ್ಡಿನ ಅಕ್ಷರದಿಂದ ಪರೀಕ್ಷಿಸಿ.

ನೆರಳಿನಿಂದ ದಿಕ್ಕು ತೆಗೆಯುವವರಿಗೆ ಒಂದು ಗುಂಡಿ ಕಾದಿದೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಕಣ್ಣುಮುಚ್ಚಿ ಲೆಕ್ಕ ಹಾಕುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಬೀಳದ ಶೂನ್ಯ ನೆರಳಿನ ದಿನ; ಆ ಎರಡರ ನಡುವೆ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ. ಚೆನ್ನೈ, ಬ್ಯಾಂಕಾಕ್, ಸಿಯೆಮ್ ರೀಪ್ ಕೂಡ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿವೆ. ಜೂನ್‌ನಲ್ಲಿ ಚಿತ್ರೀಕರಿಸಿದ ತುಣುಕಿಗೆ ಈ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಸೂರ್ಯನ ದಿಕ್ಕು ಲೆಕ್ಕ ಹಾಕುವ ಸನ್‌ಕ್ಯಾಲ್ಕ್ ಜಾಲತಾಣದಲ್ಲಿ ಜಾಗ, ದಿನ ಹಾಕಿ ನೋಡಿಯೇ ಮಾತಾಡಿ. ಹಾಗೆಯೇ ಗುಡಿ ಎಂದರೆ ಪೂರ್ವಕ್ಕೆ ಮುಖ ಎಂಬುದನ್ನೂ ನೆಚ್ಚಬೇಡಿ, ಆಂಗ್ಕೋರ್ ವಾಟ್ ಪಶ್ಚಿಮಕ್ಕೆ ತಿರುಗಿ ಕೂತಿದೆ.

ಕಾಲದ ಗೊಂದಲವೂ ಇದೆ. ಪ್ರೊಮೊದಲ್ಲಿ ಊರು ತೋರಿಸಲು ಹಳೆಯ ಸಂಗ್ರಹದ ಚಿತ್ರ ತುರುಕುವುದು ಟಿವಿಯವರ ಹಳೆಯ ಚಾಳಿ. ಬ್ಯಾಂಕಾಕ್‌ನ ವಾಟ್ ಅರುಣ್‌ಗೆ 2013ರಿಂದ 2017ರವರೆಗೆ ಜೀರ್ಣೋದ್ಧಾರ ನಡೆದು ಅದು ಬೆಳ್ಳಗಾಯಿತು. ಹೊಸ ಸೀಸನ್ನಿನ ತುಣುಕಿನಲ್ಲಿ ಅದು ಕಪ್ಪುಕಪ್ಪಾಗಿ ಕಂಡರೆ ಸ್ಪರ್ಧಿಗಳು ಅಲ್ಲಿಗೆ ಹೋಗಿದ್ದಾರೆ ಎಂಬ ಖಾತರಿ ಇಲ್ಲ. ಕ್ವಾಲಾಲಂಪುರದ ಬಳಿಯ ಬಟು ಗುಹೆಯ 272 ಮೆಟ್ಟಿಲುಗಳಿಗೆ ಕಾಮನಬಿಲ್ಲಿನ ಬಣ್ಣ ಬಂದದ್ದು 2018ರ ಆಗಸ್ಟ್‌ನಲ್ಲಿ. ಬಣ್ಣವಿಲ್ಲದ ಮೆಟ್ಟಿಲು ಕಂಡರೆ ಅದಕ್ಕಿಂತ ಹಿಂದಿನ ಚಿತ್ರ. ತಮಿಳುನಾಡಿನ ಗೋಪುರಗಳಿಗೆ ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕದ ಹೊತ್ತಿಗೆ ಹೊಸ ಬಣ್ಣ ಹೊಡೆಯುವ ರೂಢಿ. ಹಿಂದಿನ ಬಣ್ಣದ ಫೋಟೊಗಳನ್ನೇ ಹೆಚ್ಚು ಕಂಡಿರುವ ಲೆನ್ಸ್ ಹೊಸ ಬಣ್ಣದ ಗೋಪುರವನ್ನು ಬೇರೆ ಊರಿಗೆ ಸೇರಿಸಿಬಿಡಬಹುದು. ಸಂಗ್ರಹದ ಚಿತ್ರ ಎಂಬ ಅನುಮಾನ ಬಂದರೆ ಚಿತ್ರ ಹುಡುಕುವ ಇನ್ನೊಂದು ತಾಣ ಟಿನ್‌ಐನಲ್ಲಿ ಹಾಕಿ. ಅದು ಹೋಲುವುದನ್ನಲ್ಲ, ಅದೇ ಚಿತ್ರ ಬೇರೆಡೆ ಬಂದಿದ್ದರೆ ಅದನ್ನು ಹುಡುಕುತ್ತದೆ. ಲೆನ್ಸ್ ಒಂದೇ ಹೆಸರಿಗೆ ಜೋತುಬಿದ್ದಾಗ ಅದೇ ಕತ್ತರಿಸಿದ ಚಿತ್ರವನ್ನು ರಷ್ಯದ ಹುಡುಕುತಾಣ ಯಾಂಡೆಕ್ಸ್‌ಗೂ ಕೊಟ್ಟು ನೋಡುವುದು ಒಳ್ಳೆಯದು.

ಲೆನ್ಸ್‌ಗೆ ಅಂಕ ಕೊಡಲೇಬೇಕಾದರೆ: ದೇಶ ಮತ್ತು ಶೈಲಿ ಹೇಳುವುದಕ್ಕೆ ಐದರಲ್ಲಿ ನಾಲ್ಕು, ಬೋರ್ಡು ಓದುವುದಕ್ಕೆ ಐದು, ಹೆಸರುವಾಸಿಯಲ್ಲದ ಗುಡಿಗೆ ಎರಡು, ಯಾವ ಬಾಗಿಲು ಎಂಬುದಕ್ಕೆ ಸೊನ್ನೆ. ಹುಡುಕಾಟದ ಮೇಲುಗಡೆ ಈಚೆಗೆ ಬರುವ ಎಐ ಸಾರಾಂಶವನ್ನು ಓದದೆ ಕೆಳಗಿನ ಚಿತ್ರಗಳಿಗೇ ಹೋಗಿ, ಒಂದೊಂದನ್ನೂ ತೆರೆದು ಅದು ಯಾವ ಗುಡಿಯ ಪುಟ ಎಂದು ನೋಡಿ. ಮೊದಲ ಹತ್ತರಲ್ಲಿ ಆರು ಒಂದೇ ಹೆಸರು ಹೇಳಿದರೂ ಆ ಆರೂ ಒಂದೇ ಪ್ರವಾಸಿ ಸಂಸ್ಥೆಯ ತಪ್ಪು ಶೀರ್ಷಿಕೆಯ ನಕಲಾಗಿರಬಹುದು. ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಸಂಗ್ರಹ ವಿಕಿಮೀಡಿಯ ಕಾಮನ್ಸ್‌ನ ಫೋಟೊಗಳಲ್ಲಿ ತೆಗೆದ ದಿನ, ಎಷ್ಟೋ ಸಲ ಕ್ಯಾಮೆರಾ ಇದ್ದ ಜಾಗವೂ ನಮೂದಾಗಿರುತ್ತದೆ. ಹೋಲಿಸಲು ಅದೇ ವಾಸಿ. ಪತ್ತೆಯಾದದ್ದನ್ನು ಹಂಚುವಾಗ ಫ್ರೇಮು, ಉಪಗ್ರಹ ಚಿತ್ರದ ಮೇಲಿನ ಎರಡು ಗೆರೆ, ನೆಲಮಟ್ಟದ ಒಂದು ಫೋಟೊ ಜೊತೆಗಿಡಿ. ಕಂತು ಇನ್ನೂ ಪ್ರಸಾರವಾಗಿಲ್ಲದಿದ್ದರೆ ಊರಿನ ಹೆಸರನ್ನು ಶೀರ್ಷಿಕೆಯಲ್ಲಿ ಬರೆಯಬೇಡಿ, ಒಳಗೆ ಬರೆಯಿರಿ.